ಗಟಾರದ ನೀರನ್ನೂ ಲ್ಯಾಬಿಗೆ ಕಳಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ಮುಂಬೈಯ ನಾಲಾ ಸಫಾಯಿ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಶುರುವಾಗುತ್ತದೆ. ಯಾವ ನಾಲೆಯಿಂದ ಎಷ್ಟು ಟನ್ ಹೂಳು ತೆಗೆದರು, ಎಷ್ಟು ಬಾಕಿ ಉಳಿಯಿತು, ಯಾವ ಗುತ್ತಿಗೆದಾರನಿಗೆ ದಂಡ ಬಿತ್ತು, ಎಲ್ಲ ಬರುತ್ತದೆ. ಬರಲೇಬೇಕು. ಕುರ್ಲಾದಲ್ಲಿ ಮಿಠಿ ನದಿಯ ಹತ್ತಿರ ಇರುವ ನಮಗೆ 2005ರ ಜುಲೈ 26ರ ಪ್ರವಾಹ ಮರೆತಿಲ್ಲ. ಆದರೆ ಆ ನಾಲೆಯ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ, ಅವು ಯಾವ ಔಷಧಕ್ಕೆ ಸಾಯುತ್ತವೆ, ಯಾವುದಕ್ಕೆ ಜಗ್ಗುವುದಿಲ್ಲ ಎಂಬ ಲೆಕ್ಕವನ್ನು ನಾನು ಯಾವ ಪತ್ರಿಕೆಯಲ್ಲೂ ಓದಿದ ನೆನಪಿಲ್ಲ. ನಾನು ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಈ ಲೆಕ್ಕ ನಮ್ಮ ಊರಿಗೆ ಬೇಕೇ ಬೇಕು, ಅದನ್ನು ತೆಗೆಯುವುದು ಅಷ್ಟೇನೂ ಕಷ್ಟವಿಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ನನ್ನ ಕೆಲಸ ಏನೆಂದು ಹೇಳುತ್ತೇನೆ. ರೋಗಿಯ ಮೂತ್ರವೋ, ಕೀವೋ, ರಕ್ತವೋ ಲ್ಯಾಬಿಗೆ ಬರುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ತಿಳಿ ಹಳದಿ ಬಣ್ಣದ ಅಗರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ) ತಟ್ಟೆಯ ಮೇಲೆ ಪೂರ್ತಿ ಸವರುತ್ತೇವೆ. ಅದರ ಮೇಲೆ ಕಾಗದದ ಪುಟ್ಟ ಡಿಸ್ಕುಗಳನ್ನು ಇಡುತ್ತೇವೆ. ಒಂದೊಂದರಲ್ಲಿ ಒಂದೊಂದು ಔಷಧ ಇರುತ್ತದೆ. ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿಟ್ಟು ಬೆಳಗ್ಗೆ ತೆಗೆಯುತ್ತೇವೆ. ಔಷಧ ಕೆಲಸ ಮಾಡಿದ್ದರೆ ಡಿಸ್ಕಿನ ಸುತ್ತ ಏನೂ ಬೆಳೆಯದ ಒಂದು ಸ್ವಚ್ಛ ವೃತ್ತ ಕಾಣುತ್ತದೆ. ಅದನ್ನು ಸ್ಕೇಲ್ ಹಿಡಿದು ಅಳೆಯುತ್ತೇವೆ. ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಆದರೆ, ಮೆರೊಪೆನೆಮ್ ಡಿಸ್ಕಿನ ಸುತ್ತಿನ ವೃತ್ತದ ಅಡ್ಡಳತೆ 23 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಔಷಧ ನಾಟುತ್ತದೆ ಎಂದು ಅರ್ಥ. 19 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ನಾಟುವುದಿಲ್ಲ. ಮೆರೊಪೆನೆಮ್ ಸಾಮಾನ್ಯ ಔಷಧವಲ್ಲ. ಐಸಿಯುವಿನಲ್ಲಿ ಬೇರೆ ಔಷಧಗಳು ಸೋತಾಗ ಕೊಡುವ ಇಂಜೆಕ್ಷನ್.

ಈಗ ಎಷ್ಟೋ ತಟ್ಟೆಗಳಲ್ಲಿ ಅಳೆಯಲು ವೃತ್ತವೇ ಇರುವುದಿಲ್ಲ. ಬ್ಯಾಕ್ಟೀರಿಯಾ ಡಿಸ್ಕಿನ ಅಂಚಿಗೆ ತಾಗಿಕೊಂಡೇ ಬೆಳೆದು ನಿಂತಿರುತ್ತದೆ. ಕ್ಲೆಬ್ಸಿಯೆಲ್ಲಾ ಆದರೆ ಲೋಳೆಲೋಳೆ, ಲೂಪ್ ಎಂಬ ತಂತಿ ಮುಟ್ಟಿಸಿ ಮೇಲೆತ್ತಿದರೆ ಉದ್ದಕ್ಕೆ ಎಳೆ ಬರುತ್ತದೆ. ರಿಪೋರ್ಟಿನಲ್ಲಿ ಒಂದೊಂದು ಔಷಧದ ಮುಂದೆಯೂ ‘ಆರ್’ ಎಂದು ಹಾಕುತ್ತಾ ಹೋಗುವಾಗ, ಕೆಳಗಿನ ಸಾಲಿನಲ್ಲಾದರೂ ಒಂದು ‘ಎಸ್’ ಸಿಗಲಿ ಎಂದು ಮನಸ್ಸು ಬೇಡಿಕೊಳ್ಳುತ್ತದೆ. ‘ಆರ್’ ಎಂದರೆ ಔಷಧ ನಾಟದು, ‘ಎಸ್’ ಎಂದರೆ ನಾಟುತ್ತದೆ. ರೋಗಿಯ ಮನೆಯವರು ಆ ಕಾಗದ ಹಿಡಿದು ಲ್ಯಾಬಿನ ಕಿಟಕಿಗೆ ಬಂದು “ಇಷ್ಟೊಂದು ಆರ್ ಯಾಕೆ ಇದೆ?” ಎಂದು ಕೇಳುತ್ತಾರೆ. ನಿಂತು ವಿವರಿಸಲು ನಮಗೆ ಪುರುಸೊತ್ತು ಇರುವುದಿಲ್ಲ.

ಇಂಥ ತಟ್ಟೆಯನ್ನು ನಾವು ಸುಮ್ನೆ ಎಸೆಯುವ ಹಾಗಿಲ್ಲ. ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಯಲ್ಲಿ ಬೇಯಿಸಿ, ಚೀಲಕ್ಕೆ ಹಾಕಿ, ರಿಜಿಸ್ಟರಿನಲ್ಲಿ ಬರೆದು ಕಳಿಸಬೇಕು. ನಿಯಮ ಸರಿಯಾಗಿಯೇ ಇದೆ. ಈಗ ಅದೇ ರೋಗಿಯ ಮಂಚದ ಹತ್ತಿರ ಬನ್ನಿ. ಮಂಚದ ಬದಿಗೆ ನೇತು ಹಾಕಿದ ಯೂರೋಬ್ಯಾಗ್, ಅಂದರೆ ಮೂತ್ರದ ಚೀಲ, ತುಂಬಿದೆ. ವಾರ್ಡಿನ ಮಾವಶಿ (ಆಯಾ) ಬರುತ್ತಾರೆ, ಕೆಳಗಿನ ಕೀಲಿ ತಿರುಗಿಸಿ ಪಾತ್ರೆಗೆ ಬಿಡುತ್ತಾರೆ, ಟಾಯ್ಲೆಟಿಗೆ ಸುರಿದು ನೀರು ಹಾಕುತ್ತಾರೆ. ದಿನಕ್ಕೆ ಒಂದು ಒಂದೂವರೆ ಲೀಟರ್ ಅನ್ನಿ. ನನ್ನ ತಟ್ಟೆಯ ಮೇಲಿದ್ದ ಅದೇ ಬ್ಯಾಕ್ಟೀರಿಯಾ ಅದರಲ್ಲೂ ಇದೆ, ಜೊತೆಗೆ ರೋಗಿಯ ಮೈಯಿಂದ ಹೊರಬಂದ ಔಷಧದ ಉಳಿಕೆಯೂ ಇದೆ. ಮಾವಶಿಯ ತಪ್ಪೇನೂ ಇಲ್ಲ. ಅವರು ಬೇರೆಲ್ಲಿಗೆ ಸುರಿಯಬೇಕು? ಲ್ಯಾಬಿನಲ್ಲಿ ಒಂದು ತಟ್ಟೆಗೆ ಇಷ್ಟೊಂದು ಜೋಪಾನ ಮಾಡುವ ನಾವು, ಲೀಟರುಗಟ್ಟಲೆ ನೀರಿನ ವಿಷಯಕ್ಕೆ ಬಂದಾಗ ಗಟಾರವನ್ನು ನಂಬಿ ಕೂತಿದ್ದೇವೆ.

ಆಸ್ಪತ್ರೆಗಳಲ್ಲಿ ಇಟಿಪಿ ಎಂಬ ಶುದ್ಧೀಕರಣ ಘಟಕ ಇರುತ್ತದಲ್ಲ, ಕೊಳಚೆ ನೀರನ್ನು ಶುದ್ಧ ಮಾಡಿಯೇ ಬಿಡುತ್ತಾರಲ್ಲ ಎಂದು ನೀವು ಕೇಳಬಹುದು. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ತಪಾಸಣೆ ಇದ್ದ ದಿನ ಇಟಿಪಿಯ ಬ್ಲೋವರ್ ಸದ್ದು ಕೇಳುತ್ತಿತ್ತು, ಉಳಿದ ದಿನ ಕೇಳುತ್ತಿರಲಿಲ್ಲ. ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಚೆನ್ನಾಗಿ ನಡೆಸಿದರೂ ಏನನ್ನು ಅಳೆಯುತ್ತಾರೆ ಎಂಬುದು ಮುಖ್ಯ ಅಲ್ವಾ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಒಂದು ಪಟ್ಟಿ ಇದೆ. ನೀರಿನ ಪಿಎಚ್ 6.5ರಿಂದ 9ರ ಒಳಗೆ ಇರಬೇಕು. ತೇಲುವ ಕಸ, ಎಣ್ಣೆ, ಬಿಒಡಿ, ಸಿಒಡಿ (ನೀರಿನ ಕೊಳೆಯ ಎರಡು ಅಳತೆ) ಇಂತಿಷ್ಟಕ್ಕಿಂತ ಮೀರಬಾರದು. ಕೊನೆಗೆ ಮೀನಿನ ಪರೀಕ್ಷೆ: ಆ ನೀರಿನಲ್ಲಿ ಮೀನು ಬಿಟ್ಟರೆ 96 ಗಂಟೆಯ ನಂತರ ನೂರಕ್ಕೆ 90 ಬದುಕಿರಬೇಕು. ಈ ಅಳತೆಗಳೆಲ್ಲ ಬೇಕಾದವೇ. ಆದರೆ ಔಷಧ ನಾಟದ ಬ್ಯಾಕ್ಟೀರಿಯಾ ಎಷ್ಟಿವೆ, ಔಷಧದ ಉಳಿಕೆ ಎಷ್ಟಿದೆ ಎಂದು ನೋಡುವ ಸಾಲು ಆ ಪಟ್ಟಿಯಲ್ಲಿ ಇಲ್ಲ. ಮೀನು ಬದುಕಿದ ನೀರಿನಲ್ಲಿ ಮೆರೊಪೆನೆಮ್‌ಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಕೂಡ ಆರಾಮವಾಗಿ ಬದುಕಿರಬಹುದು.

ಗಟಾರಕ್ಕೆ ಹೋದಮೇಲೆ ಎಲ್ಲ ತೆಳುವಾಗಿ ಕರಗಿ ಹೋಗುವುದಿಲ್ಲವೇ ಎಂದು ನಮ್ಮ ಮನೆಯಲ್ಲೇ ಕೇಳಿದರು. ಅಷ್ಟು ಸುಲಭವಿಲ್ಲ. ನಾವು ನುಂಗಿದ ಔಷಧ ಪೂರ್ತಿ ಮೈಯಲ್ಲೇ ಮುಗಿದು ಹೋಗುವುದಿಲ್ಲ. ಅಮಾಕ್ಸಿಸಿಲಿನ್ ಗುಳಿಗೆಯಲ್ಲಿ ನೂರಕ್ಕೆ ಸುಮಾರು 60 ಭಾಗ ಆರರಿಂದ ಎಂಟು ಗಂಟೆಯೊಳಗೆ ಮೂತ್ರದಲ್ಲಿ ಹಾಗೇ ಹೊರಗೆ ಬರುತ್ತದೆ. ಗಟಾರದಲ್ಲಿ ಈ ಉಳಿಕೆ, ಫಿನೈಲು, ಸಾವಿರಾರು ಜನರ ಹೊಟ್ಟೆಯ ಬ್ಯಾಕ್ಟೀರಿಯಾ ಒಂದೇ ಕಡೆ ಸೇರುತ್ತವೆ. ಸ್ವಲ್ಪ ಔಷಧ ಇದ್ದರೂ ಸಾಕು, ಸೂಕ್ಷ್ಮದವು ಸತ್ತು ಗಟ್ಟಿ ಇದ್ದವು ಉಳಿಯುತ್ತವೆ. ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು. ಔಷಧವನ್ನು ಸೋಲಿಸುವ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಇರುತ್ತದೆ. ನೆರೆಮನೆಗೆ ಸಾರಿನ ಪುಡಿ ಕೊಟ್ಟ ಹಾಗೆ ಒಂದು ಬ್ಯಾಕ್ಟೀರಿಯಾ ಅದನ್ನು ಇನ್ನೊಂದಕ್ಕೆ ಕೊಡುತ್ತದೆ. ಕ್ಲೆಬ್ಸಿಯೆಲ್ಲಾದಿಂದ ಇ. ಕೋಲಿಗೆ, ಅಲ್ಲಿಂದ ಮತ್ತೊಂದಕ್ಕೆ. ಜಾತಿ ಬೇರೆಯಾದರೂ ಕೊಡುತ್ತವೆ. ರೋಗಿಯಿಂದ ಹೊರಬಂದ ಮೂಲ ಬ್ಯಾಕ್ಟೀರಿಯಾ ಗಟಾರದಲ್ಲಿ ಸತ್ತರೂ ಅದರ ಜೀನ್ ಬೇರೆಯದರಲ್ಲಿ ಮುಂದೆ ಹೋಗಿರಬಹುದು.

ಇದು ಪುಸ್ತಕದ ಮಾತಲ್ಲ, ನಮ್ಮ ದೇಶದಲ್ಲೇ ಕಂಡದ್ದು. ಎನ್‌ಡಿಎಂ-1 (ಎನ್‌ಡಿ ಎಂದರೆ ನ್ಯೂ ಡೆಲ್ಲಿ) ಎಂಬ ಜೀನ್ ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಔಷಧಗಳನ್ನೇ ಒಡೆದು ಹಾಕುವ ಕಿಣ್ವವನ್ನು ಮಾಡಿಸುತ್ತದೆ. 2010ರಲ್ಲಿ ನಮ್ಮ ಮುಂಬೈಯ ಹಿಂದೂಜಾ ಆಸ್ಪತ್ರೆಯ ವೈದ್ಯರು ಅದರ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆದರು. ಹಿಂದಿನ ವರ್ಷ ಮೂರು ತಿಂಗಳಲ್ಲಿ ಸಿಕ್ಕ, ಕಾರ್ಬಪೆನೆಮ್‌ಗೆ ಜಗ್ಗದ 24 ಬ್ಯಾಕ್ಟೀರಿಯಾಗಳಲ್ಲಿ 22ರಲ್ಲಿ ಈ ಜೀನ್ ಇತ್ತು. ಹಾಗೆ ಧೈರ್ಯವಾಗಿ ಹೇಳಿದವರ ಬಗ್ಗೆ ನನಗೆ ಇಂದಿಗೂ ಗೌರವ. 2011ರಲ್ಲಿ ದಿಲ್ಲಿಯ ವರದಿ ಬಂತು. ಬೀದಿಯಲ್ಲಿ ನಿಂತ, ಜಿನುಗಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಎನ್‌ಡಿಎಂ-1 ಸಿಕ್ಕಿತು. ಆಸ್ಪತ್ರೆಯ ಒಳಗಿನ ಕಾಯಿಲೆ ಎಂದುಕೊಂಡದ್ದು ಬೀದಿಯ ನೀರಿನಲ್ಲಿತ್ತು. ಆಗ ನಮ್ಮಲ್ಲಿ ಜೀನ್‌ಗೆ ದಿಲ್ಲಿಯ ಹೆಸರು ಇಟ್ಟದ್ದರ ಮೇಲೆ ಆದ ಗಲಾಟೆಯ ಕಾಲು ಭಾಗವೂ ಆ ನೀರಿನ ಮೇಲೆ ಆಗಲಿಲ್ಲ.

ಮುಂಬೈಗೆ ಬರೋಣ. ನಮ್ಮ ಕೊಳಚೆಯ ದೊಡ್ಡ ಪಾಲು ಇಷ್ಟು ವರ್ಷ ಕಸ, ಮರಳು ಸೋಸಿಕೊಂಡು ವರ್ಲಿ, ಬಾಂದ್ರಾದ ಕೊಳವೆಗಳಲ್ಲಿ ಮೂರು ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಿ ಸಮುದ್ರಕ್ಕೆ ಬೀಳುತ್ತಿದೆ. ಗಟಾರದ ಲೈನಿಗೆ ಸೇರದೇ ಇರುವುದು ನೇರವಾಗಿ ನಾಲೆಗೆ, ಮಿಠಿಗೆ ಹೋಗುತ್ತದೆ. ಮಿಠಿ ವಿಹಾರ್, ಪವಾಯಿ ಕೆರೆಗಳ ಕಡೆಯಿಂದ ಹೊರಟು ಸಾಕಿನಾಕಾ, ಕುರ್ಲಾ, ಧಾರಾವಿ ಬಳಸಿಕೊಂಡು ಮಾಹಿಮ್ ಖಾಡಿ ಎಂಬ ಸಮುದ್ರದ ಅಳಿವೆಗೆ ಸೇರುತ್ತದೆ. ಜೋರು ಮಳೆ ಬಂದ ದಿನ ಈ ನಾಲೆ, ರಸ್ತೆ, ಚಾಳಿನ ಅಂಗಳ ಎಲ್ಲ ಒಂದೇ ನೀರು. ಇನ್ನೊಂದು ದಾರಿ ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ನಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ನೀರು ನಿಂತ ಹೊತ್ತಿನಲ್ಲಿ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಗಟಾರ ಇದ್ದು ಪೈಪಿಗೆ ತೂತು ಇದ್ದರೆ ಹೊರಗಿನದ್ದು ಒಳಗೆ ಬರುತ್ತದೆ. ಲೈನಿಗೆ ನೇರ ಮೋಟಾರ್ ಹಾಕಿ ಎಳೆಯುವವರು ಇದನ್ನು ದಯವಿಟ್ಟು ಗಮನಿಸಿ. ರೈಲ್ವೆ ಹಳಿಯ ಪಕ್ಕದಲ್ಲಿ ನಾಲೆಯ ನೀರು ಹಾಯಿಸಿ ಪಾಲಕ್, ಮೆಂತ್ಯ ಬೆಳೆಯುವುದನ್ನು ಲೋಕಲ್ ರೈಲಿನ ಕಿಟಕಿಯಿಂದ ನಾವೆಲ್ಲ ನೋಡಿದವರೇ.

ಹೆದರಿಸಲು ಬರೆಯುತ್ತಿಲ್ಲ. ಇಂಥ ಬ್ಯಾಕ್ಟೀರಿಯಾ ಹೊಟ್ಟೆಗೆ ಸೇರಿದ ಮಾತ್ರಕ್ಕೆ ನಾಳೆಯೇ ಜ್ವರ ಬರುವುದಿಲ್ಲ. ಎಷ್ಟೋ ಜನರ ಕರುಳಿನಲ್ಲಿ ಅದು ತೆಪ್ಪಗೆ ಇರುತ್ತದೆ. ತೊಂದರೆ ಬರುವುದು ಆಮೇಲೆ. ಹೆರಿಗೆ, ಆಪರೇಷನ್, ಕ್ಯಾಥೆಟರ್, ಕೀಮೋ ಆದಾಗ ಅದು ಹೋಗಬಾರದ ಜಾಗಕ್ಕೆ ಹೋಗುತ್ತದೆ. ಆಗ ಡಾಕ್ಟರ ಕೈಯಲ್ಲಿ ಔಷಧ ಇರುವುದಿಲ್ಲ. ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಔಷಧ ನಾಟದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂಬ ಅಂದಾಜು 2022ರಲ್ಲಿ ಬಂತು. ಅದರಲ್ಲಿ ಎಷ್ಟೋ ಜನ ಬೇರೆ ಕಾಯಿಲೆಗೆಂದು ಆಸ್ಪತ್ರೆಗೆ ಬಂದವರೇ ಇರಬೇಕು.

ಈಗ ನಾನು ಕೇಳುವುದು ಏನು? ಪರೀಕ್ಷೆ ಮಾಡಿ, ಫಲಿತಾಂಶ ಹೇಳಿ. ಇಷ್ಟೇ.

ಮುಂಬೈಗೆ ಗಟಾರದ ನೀರು ಪರೀಕ್ಷಿಸುವುದು ಹೊಸದೇನಲ್ಲ. 2001ರಿಂದ ಇಲ್ಲಿ ಪೋಲಿಯೊ ವೈರಸ್ಸಿಗಾಗಿ ಕೊಳಚೆ ನೀರು ಪರೀಕ್ಷಿಸುತ್ತಾ ಬಂದಿದ್ದಾರೆ. ದೇಶದಲ್ಲಿ ಈ ಕೆಲಸ ಶುರುವಾದದ್ದೇ ನಮ್ಮ ಊರಿನಲ್ಲಿ. ಮಗುವಿನ ಕಾಲು ಸೋಲುವುದಕ್ಕೆ ಮುಂಚೆಯೇ ವೈರಸ್ ಯಾವ ಬಸ್ತಿಯಲ್ಲಿ ಓಡಾಡುತ್ತಿದೆ ಎಂದು ಗಟಾರ ಹೇಳುತ್ತಿತ್ತು. ಅಲ್ಲಿಗೆ ಹನಿ ಹಾಕುವವರು ಹೋಗುತ್ತಿದ್ದರು. 2011ರ ಜನವರಿ 13ರ ನಂತರ ಭಾರತದಲ್ಲಿ ಕಾಡು ಪೋಲಿಯೊದ (ಲಸಿಕೆಯಿಂದಲ್ಲದೆ ಸಹಜವಾಗಿ ಹರಡುವ ವೈರಸ್ಸಿನ) ಒಂದು ಕೇಸೂ ಬರಲಿಲ್ಲ, 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಎಂಬ ಸರ್ಟಿಫಿಕೇಟ್ ಸಿಕ್ಕಿತು. 2020ರಲ್ಲಿ ಕೊರೊನಾ ವೈರಸ್ಸನ್ನೂ ಮುಂಬೈಯ ಕೊಳಚೆಯಲ್ಲಿ ಹುಡುಕಿ ಕಂಡರು. ಮಾದರಿ ತುಂಬುವ ಜನ, ಐಸ್ ಡಬ್ಬಿ, ಪಂಪಿಂಗ್ ಸ್ಟೇಷನ್ನಿನ ಗೇಟು ತೆರೆಯಿಸುವ ಪರಿಚಯ, ಎಲ್ಲ ನಮ್ಮಲ್ಲಿ ಇದೆ. ಬ್ಯಾಕ್ಟೀರಿಯಾಕ್ಕೂ ಅದೇ ಮಾಡಬಹುದು ಅಲ್ವಾ?

ಅದರ ವಿಧಾನ ವೈರಸ್ಸಿನದಕ್ಕಿಂತ ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆಂದೇ ‘ಟ್ರೈಸೈಕಲ್’ ಎಂಬ ಕ್ರಮ ಕೊಟ್ಟಿದೆ. ಮನುಷ್ಯರು, ಆಹಾರದ ಪ್ರಾಣಿಗಳು, ಪರಿಸರದ ನೀರು, ಮೂರೂ ಕಡೆ ಒಂದೇ ಬ್ಯಾಕ್ಟೀರಿಯಾವನ್ನು, ಅಂದರೆ ಇ. ಕೋಲಿಯನ್ನು ಎಣಿಸುವುದು. ನೀರಿನ ಮಾದರಿಯನ್ನು ಹಂತ ಹಂತವಾಗಿ ತೆಳು ಮಾಡಿ ತಟ್ಟೆಗೆ ಹಾಕಬೇಕು. ಒಂದು ತಟ್ಟೆಯ ಅಗರಿಗೆ ಸೆಫೊಟ್ಯಾಕ್ಸಿಮ್ ಎಂಬ ಔಷಧ ಬೆರೆಸಿರುತ್ತಾರೆ, ಇನ್ನೊಂದಕ್ಕೆ ಇಲ್ಲ. ಮರುದಿನ ಎರಡರಲ್ಲೂ ಬೆಳೆದ ಚುಕ್ಕೆಗಳನ್ನು ಎಣಿಸಿದರೆ ನೂರರಲ್ಲಿ ಎಷ್ಟು ಇ. ಕೋಲಿ ಔಷಧಕ್ಕೆ ಜಗ್ಗುವುದಿಲ್ಲ ಎಂದು ಗೊತ್ತಾಗುತ್ತದೆ. ಕೋಟಿಗಟ್ಟಲೆ ಬೆಲೆಯ ಮಷೀನ್ ಬೇಡ. ಅಗರ್, ಇನ್‌ಕ್ಯುಬೇಟರ್, ತಾಳ್ಮೆ ಇರುವ ಟೆಕ್ನಿಷಿಯನ್ ಸಾಕು. ಮೂರೂ ಮುಂಬೈಯಲ್ಲಿ ಬೇಕಾದಷ್ಟಿವೆ. ಬೇಕಾದರೆ ಇನ್ನೊಂದು ತಟ್ಟೆಗೆ ಮೆರೊಪೆನೆಮ್ ಬೆರೆಸಿ ಅದನ್ನೂ ಎಣಿಸಬಹುದು.

ಎಲ್ಲಿಂದ ಮಾದರಿ ತೆಗೆಯಬೇಕು? ದೊಡ್ಡ ಆಸ್ಪತ್ರೆಗಳ ನೀರು ಮುನ್ಸಿಪಾಲಿಟಿ ಗಟಾರಕ್ಕೆ ಸೇರುವ ಮ್ಯಾನ್‌ಹೋಲಿನಿಂದ ತೆಗೆಯಿರಿ. ಪಂಪಿಂಗ್ ಸ್ಟೇಷನ್‌ಗಳಿಂದ, ಮಿಠಿಯ ಮೇಲ್ಭಾಗ ಮತ್ತು ಕೆಳಭಾಗದಿಂದ ತೆಗೆಯಿರಿ. ಮಳೆಗಾಲದಲ್ಲೂ ತೆಗೆಯಿರಿ, ಬೇಸಿಗೆಯಲ್ಲೂ ತೆಗೆಯಿರಿ. ಯಾವ ವಾರ್ಡಿನಲ್ಲಿ ಯಾವ ಔಷಧ ಸೋಲುತ್ತಿದೆ ಎಂದು ಅಲ್ಲಿನ ಜನರಲ್ ಪ್ರಾಕ್ಟೀಸ್ ಡಾಕ್ಟರುಗಳಿಗೆ ತಿಳಿಸಿ. ಅವರ ಹತ್ತಿರ ಬರುವ ಬಡ ರೋಗಿಗೆ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲು ದುಡ್ಡಿರುವುದಿಲ್ಲ. ಅಂದಾಜಿನ ಮೇಲೆ ಬರೆಯುವ ಚೀಟಿಗೆ ಒಂದು ಆಧಾರವಾದರೂ ಸಿಗಲಿ.

ಇದನ್ನು ಈಗಲೇ ಕೇಳಲು ಕಾರಣವೂ ಇದೆ. 2023ರ ಜನವರಿಯಲ್ಲಿ ಮುಂಬೈಯ ಏಳು ಹೊಸ ಕೊಳಚೆ ಶುದ್ಧೀಕರಣ ಘಟಕಗಳಿಗೆ ಶಂಕುಸ್ಥಾಪನೆ ಆಯಿತು. ವರ್ಲಿ, ಬಾಂದ್ರಾ, ಧಾರಾವಿ, ಘಾಟ್ಕೋಪರ್, ಭಾಂಡುಪ್, ವರ್ಸೋವಾ, ಮಲಾಡ್. ಸುಮಾರು 17,200 ಕೋಟಿ ರೂಪಾಯಿಯ ಯೋಜನೆ, ದಿನಕ್ಕೆ ಸುಮಾರು 246 ಕೋಟಿ ಲೀಟರ್ ಸಾಮರ್ಥ್ಯ. ಇದು ದೊಡ್ಡ ಕೆಲಸ, ಬಹಳ ಒಳ್ಳೆಯ ಕೆಲಸ. ಚೆನ್ನಾಗಿ ನಡೆಯುವ ಘಟಕ ಬ್ಯಾಕ್ಟೀರಿಯಾವನ್ನು ಬಹಳಷ್ಟು ಇಳಿಸುತ್ತದೆ, ಆದರೆ ಪೂರ್ತಿ ತೆಗೆಯುವುದಿಲ್ಲ. ಅಲ್ಲಿ ಉಳಿಯುವ ಕೆಸರಿನಲ್ಲೂ ಅವು ಇರುತ್ತವೆ. ಆ ಕೆಸರನ್ನು ಗೊಬ್ಬರ ಎಂದು ಹೊಲಕ್ಕೆ ಕೊಡುವ ಮುಂಚೆ ನೋಡಬೇಡವೇ? ಇಷ್ಟು ಖರ್ಚು ಮಾಡುವಾಗ ಒಳಗೆ ಬಂದ ನೀರು, ಹೊರಗೆ ಹೋದ ನೀರು ಎರಡರಲ್ಲೂ ಔಷಧ ನಾಟದ ಬ್ಯಾಕ್ಟೀರಿಯಾ ಎಣಿಸುವ ಒಂದು ಷರತ್ತು ಸೇರಿಸುವುದಕ್ಕೆ ತಡವಾಗಿಲ್ಲ.

ಔಷಧ ಕಾರ್ಖಾನೆಗಳ ಮಾತು ಬೇರೆಯೇ ಪತ್ರಕ್ಕೆ ಸಾಕು, ಒಂದನ್ನು ಮಾತ್ರ ಹೇಳುತ್ತೇನೆ. ಹೈದರಾಬಾದ್ ಹತ್ತಿರ ಪಟಾಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳಚೆಯನ್ನು ಶುದ್ಧ ಮಾಡಿ ಬಿಟ್ಟ ನೀರಿನಲ್ಲೇ ಒಂದು ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಇತ್ತು ಎಂದು 2007ರಲ್ಲೇ ಗೊತ್ತಾಗಿತ್ತು. ಗುಳಿಗೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆ ನೀರಿನ ಆಂಟಿಬಯೋಟಿಕ್ ಉಳಿಕೆಗೆ ಮಿತಿ ಹಾಕುವ ಕರಡು ತಂದಿತು. 2021ರ ಆಗಸ್ಟ್‌ನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ನನಗೆ ಇದು ಬಹಳ ಬೇಸರದ ವಿಷಯ. ಆ ಮಿತಿಗಳು ವಾಪಸ್ ಬರಬೇಕು.

ಇನ್ನು ಇಲ್ಲಿನ ನಮ್ಮ ಕನ್ನಡಿಗರಿಗೆ ಒಂದು ಮಾತು. ಮುಂಬೈಯ ಹೋಟೆಲುಗಳಲ್ಲಿ ನಮ್ಮ ಕಡೆಯ ಹುಡುಗರು ಎಷ್ಟೋ ಜನ ಇದ್ದಾರೆ. ಹೊಟ್ಟೆ ಕೆಟ್ಟರೆ ರಜೆ ಸಿಗುವುದಿಲ್ಲ. “ಅಕ್ಕ, ಮೆಡಿಕಲ್‌ನಲ್ಲಿ ಎರಡು ಗುಳಿಗೆ ತಗೊಂಡೆ, ನಿಂತು ಹೋಯ್ತು” ಎಂದು ನಮ್ಮ ಬಿಲ್ಡಿಂಗಿನ ಕೆಳಗಿನ ಹೋಟೆಲಿನ ಹುಡುಗ ಹೇಳುತ್ತಾನೆ. ಆ ಗುಳಿಗೆ ಓಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್, ಆರ್ನಿಡಜೋಲ್ ಎಂಬ ಇನ್ನೊಂದು ಔಷಧ ಸೇರಿದ್ದು. ಎಷ್ಟೋ ಭೇದಿಗಳು ಓಆರ್‌ಎಸ್ ಕುಡಿದು ಎರಡು ದಿನ ಸುಧಾರಿಸಿಕೊಂಡರೆ ತಾನಾಗಿಯೇ ನಿಲ್ಲುತ್ತವೆ. ಹೋಟೆಲ್ ಮಾಲೀಕರು ಹುಡುಗರಿಗೆ ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಡಿ, ಒಂದು ದಿನ ರಜೆ ಕೊಡಿ. ರಕ್ತ ಬಿದ್ದರೆ, ಜ್ವರ ಇದ್ದರೆ ಡಾಕ್ಟರ ಹತ್ತಿರ ಕಳಿಸಿ. ಮೆಡಿಕಲ್ ಅಂಗಡಿ ನಡೆಸುವ ನಮ್ಮವರೂ ಇದ್ದಾರೆ. 2014ರ ಮಾರ್ಚ್‌ನಿಂದ ಎಚ್1 ಪಟ್ಟಿ ಇದೆ. ಸೆಫಿಕ್ಸಿಮ್, ಮೆರೊಪೆನೆಮ್‌ನಂಥವನ್ನು ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಮೂರು ವರ್ಷ ಇಡಬೇಕು. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ಉಳಿದ ಗುಳಿಗೆಯನ್ನು ಟಾಯ್ಲೆಟಿಗೆ, ಸಿಂಕಿಗೆ ಹಾಕಬೇಡಿ. ಕೇರಳದವರು ಕೋಝಿಕ್ಕೋಡಿನಲ್ಲಿ ಬೇಡದ ಔಷಧವನ್ನು ಜನರಿಂದ ವಾಪಸ್ ಪಡೆದು ಸರಿಯಾಗಿ ಸುಡುವ ಏರ್ಪಾಟು ಶುರು ಮಾಡಿದ್ದಾರೆ. ಮುಂಬೈ ಪಾಲಿಕೆಯೂ ತನ್ನ ದವಾಖಾನೆಗಳಲ್ಲಿ ಒಂದೊಂದು ಡಬ್ಬಿ ಇಡಬಹುದು.

ನಿಮ್ಮ ವರದಿಗಾರರಿಗೆ ನನ್ನ ವಿನಂತಿ ಇದು. ಪಾಲಿಕೆಯ ಆರೋಗ್ಯ ವಿಭಾಗ, ಕೊಳಚೆ ವಿಭಾಗ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಮೂರೂ ಕಡೆ ಹೋಗಿ ಕೇಳಿ: ಮುಂಬೈಯ ಕೊಳಚೆಯಲ್ಲಿ ಔಷಧ ನಾಟದ ಬ್ಯಾಕ್ಟೀರಿಯಾ ಎಣಿಸುವ ಕೆಲಸ ಯಾರದು? ನಾನು ಒಂದು ಕಚೇರಿಗೆ ಹೋದಾಗ ಇನ್ನೊಂದನ್ನು ತೋರಿಸಿದರು, ಅಲ್ಲಿ ಮೂರನೆಯದನ್ನು ತೋರಿಸಿದರು. ಪತ್ರಿಕೆಯವರು ಕೇಳಿದರೆ ಉತ್ತರ ಬಂದೀತು. ಇಲ್ಲಿನ ಕನ್ನಡ ಸಂಘಗಳು ಆರೋಗ್ಯ ಶಿಬಿರ ಮಾಡುವಾಗ ಕರೆದರೆ ನಾನು ಬಂದು ಈ ತಟ್ಟೆಗಳ ಫೋಟೋ ತೋರಿಸಿ, ರಿಪೋರ್ಟ್ ಓದುವುದು ಹೇಗೆಂದು ಕನ್ನಡದಲ್ಲಿ ಹೇಳಿಕೊಡುತ್ತೇನೆ. ಭಾನುವಾರ ಆದರೆ ನನಗೆ ಅನುಕೂಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಲ್ಯಾಬ್ ಟೆಕ್ನಿಷಿಯನ್
ಕುರ್ಲಾ, ಮುಂಬೈ